ವೃದ್ಧಯಾನ ಮೀಮಾಂಸೆ

ಬೌದ್ಧರು ಹೀನಯಾನ, ಮಹಾಯಾನ, ವಜ್ರಯಾನ ಎಂದು ಮೂರು ಯಾನಗಳನ್ನು ಹೇಳಿ ಸುಮ್ಮನಾದರು. ನಾಲ್ಕನೆಯದೊಂದಿದೆ. ಎಂಬತ್ತನಾಲ್ಕರ ತಾತನನ್ನು ಮುಂದಿನ ಸೀಟಿನಲ್ಲೂ ಎಪ್ಪತ್ತೆಂಟರ ಅಜ್ಜಿಯನ್ನು ಹಿಂದಿನ ಸೀಟಿನಲ್ಲೂ ಕೂರಿಸಿಕೊಂಡು ಬೆಂಗಳೂರಿನಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಕಾರು ಓಡಿಸಿದವನಿಗೆ ಮಾತ್ರ ಅದು ಗೋಚರಿಸುತ್ತದೆ. ಉಳಿದ ಯಾನಗಳಲ್ಲಿ ಮೋಕ್ಷ ಕೊನೆಗೆ ಸಿಗುವುದಂತೆ. ಇದರಲ್ಲಿ ಮನೆಯ ಗೇಟು ದಾಟಿದರೇ ಮುಕ್ಕಾಲು ಮೋಕ್ಷ.

ಶಾಸ್ತ್ರಗ್ರಂಥಗಳು ‘ಅಥ’ ಎಂಬ ಮಾತಿನಿಂದ ಶುರುವಾಗುತ್ತವೆ. ‘ಇನ್ನು ಮೇಲೆ’ ಎಂದು ಅರ್ಥ. ಸರಿ, ಯಾವುದಾದ ಮೇಲೆ? ಈ ಒಂದು ಪ್ರಶ್ನೆಯ ಮೇಲೆ ಶಂಕರರಂಥ ಭಾಷ್ಯಕಾರರೇ ಉದ್ದಕ್ಕೆ ವಾದ ಮಾಡಿದ್ದಾರೆ. ವೃದ್ಧಯಾನದಲ್ಲಿ ಉತ್ತರ ಸುಲಭ, ಮುಗಿಯುವುದಿಲ್ಲ ಅಷ್ಟೆ. ಗ್ಯಾಸ್ ಆಫ್ ಮಾಡಿದ ಮೇಲೆ, ಹಿತ್ತಲ ಬಾಗಿಲಿಗೆ ಚಿಲಕ ಹಾಕಿದ ಮೇಲೆ, ಹಾಲಿನವನಿಗೆ ಎರಡು ದಿನ ಬೇಡವೆಂದ ಮೇಲೆ, ತುಳಸಿಗೆ ನೀರೆರೆದ ಮೇಲೆ, ದೇವರ ದೀಪ ಶಾಂತವಾದ ಮೇಲೆ (ಆರಿತು ಅನ್ನಬಾರದು), ಮತ್ತೆ ಹೋಗಿ ಗ್ಯಾಸ್ ನೋಡಿ ಬಂದ ಮೇಲೆ.

ಹೊರಟದ್ದು ಶನಿವಾರ. ಅವತ್ತು ಒಂಬತ್ತರಿಂದ ಹತ್ತೂವರೆ ರಾಹುಕಾಲ. ಆರು ಗಂಟೆಗೇ ಬಿಡುವುದೆಂದು ನಿಶ್ಚಯವಾಗಿತ್ತು. ಎಲ್ಲಾದರೂ ತಡವಾದರೆ ಇರಲಿ ಎಂದು ತಾತ ಶುಕ್ರವಾರ ಸಂಜೆಯೇ ಒಳ್ಳೆಯ ಗಳಿಗೆ ನೋಡಿ ತಮ್ಮ ಕೊಡೆಯನ್ನು ಪಕ್ಕದ ಮನೆಯಲ್ಲಿ ಪರಸ್ಥಾನ ಇಟ್ಟು ಬಂದಿದ್ದರು. ಅಂದರೆ ಶಾಸ್ತ್ರದ ಲೆಕ್ಕದಲ್ಲಿ ಅವರು ಆಗಲೇ ಹೊರಟಾಗಿತ್ತು; ಆ ರಾತ್ರಿ ಮನೆಯಲ್ಲಿ ಮಲಗಿದ್ದು ಬರೀ ದೇಹ. ದೇಹಸಮೇತ ಹೊರಟಾಗ ಎಂಟೂ ಐವತ್ತೆಂಟು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಪಚಪಚ ಎಂದವು. ಐದನೆಯದು ಅಜ್ಜಿಯ ಮುಷ್ಟಿಯಲ್ಲಿ, ವಾಂತಿ ಬಂದರೆ ಮೂಸಲು.

ಮುಂದಿನ ಸೀಟಿನಲ್ಲಿ ಕೂತವರ ಕಾಲಡಿ ಬ್ರೇಕು ಇರುವುದಿಲ್ಲ ಎಂಬುದು ಕಾರು ಕಂಪನಿಗಳ ಅಜ್ಞಾನ. ತಾತನ ಕಾಲಡಿ ಇದೆ. ಎದುರಿಗೆ ಟಿಪ್ಪರ್ ಕಂಡರೆ ಅವರ ಬಲಗಾಲು ತಾನಾಗಿ ಒತ್ತುತ್ತದೆ, ಕಾರು ನಿಧಾನವಾಗದಿದ್ದರೆ ಇನ್ನೂ ಒತ್ತುತ್ತದೆ, ಆಗಲೂ ಆಗದಿದ್ದರೆ ನನ್ನ ಮುಖ ನೋಡುತ್ತಾರೆ. ಇನ್ನೂರೈವತ್ತಕ್ಕೂ ಮೇಲ್ಪಟ್ಟ ಕಿಲೋಮೀಟರನ್ನು ಇಬ್ಬರೂ ಓಡಿಸಿದೆವು. ಹೆಚ್ಚು ದಣಿದವರು ಅವರು.

ಏಸಿ ವಿಚಾರವನ್ನು ಮೀಮಾಂಸಕರ ಅಧಿಕರಣಕ್ರಮದಲ್ಲಿ ಹೇಳಿಬಿಡುತ್ತೇನೆ. ವಿಷಯ: ಏಸಿ. ಸಂಶಯ: ಹಾಕಬೇಕೋ, ಬೇಡವೋ. ಪೂರ್ವಪಕ್ಷ ತಾತನದು: ಮಂಡಿಗೆ ಆಗುವುದಿಲ್ಲ. ಪ್ರತಿಪಕ್ಷ ಅಜ್ಜಿಯದು: ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಉಸಿರು ಕಟ್ಟುತ್ತೆ. ಸಿದ್ಧಾಂತ: ಏಸಿ ಇಪ್ಪತ್ತೇಳರಲ್ಲಿ, ಕಿಟಕಿ ಎರಡು ಬೆರಳು ಕೆಳಗೆ, ತಾತನ ಕಿವಿಗೆ ಮಫ್ಲರು. ಫಲ: ಪೆಟ್ರೋಲು.

ಇನ್ನು ಶ್ರುತಿ–ಸ್ಮೃತಿ ವಿರೋಧ. ಶ್ರುತಿಗೂ ಸ್ಮೃತಿಗೂ ಜಗಳ ಬಂದರೆ ಶ್ರುತಿಯೇ ಬಲವತ್ತರ ಎಂದು ಶಾಸ್ತ್ರ. ನಮ್ಮ ಕಾರಿನಲ್ಲಿ ಶ್ರುತಿ ಎಂದರೆ ಫೋನಿನೊಳಗಿನ ಗೂಗಲ್ ಹೆಂಗಸು, ಸ್ಮೃತಿ ಎಂದರೆ ತಾತ. ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದವರು. ರಸ್ತೆಯ ವಿಷಯದಲ್ಲಿ ಅವರ ಮಾತೇ ಆಪ್ತವಾಕ್ಯ. ‘ಮಂಗಳೂರು ರಸ್ತೆ ಅಂದ್ರೆ ನಲವತ್ತೆಂಟು. ನಲವತ್ತೆಂಟು ಅಂತ ಬೋರ್ಡ್ ಇರೋ ಕಡೆ ಹೋಗು. ಅವಳ್ಯಾರು ಹೇಳಕ್ಕೆ, ಹಾಸನದವಳಾ?’

ತಾತ ಸುಳ್ಳಾಡಲಿಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿ 48 ಆಗಿತ್ತು, ನಿಜ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ನಂಬರು ಬದಲಾಯಿಸಿದಾಗ ಅದು 75 ಆಯಿತು; 48 ಎಂಬ ಅಂಕಿ ದೆಹಲಿಯಿಂದ ಚೆನ್ನೈವರೆಗೆ ಹೋಗುವ ಇನ್ನೊಂದಕ್ಕೆ ಸಂದಿತು. ಆ ಇನ್ನೊಂದು ಬೆಂಗಳೂರು–ತುಮಕೂರು ರಸ್ತೆಯ ಮೇಲೇ ಹಾದುಹೋಗುತ್ತದೆ, ಎರಡೂ ಬೇರೆಯಾಗುವುದು ನೆಲಮಂಗಲದಲ್ಲಿ. ಹಳೆಯ ಸತ್ಯ, ಹೊಸ ಬೋರ್ಡು. ನಾನು ಸ್ಮೃತಿಗೆ ತಲೆಬಾಗಿ 48 ಹಿಡಿದೆ. ದಾಬಸ್‌ಪೇಟೆ ಬಂತು. ಅಲ್ಲಿಯವರೆಗೂ ಆ ಹೆಂಗಸು ತಿರುಗಿ, ತಿರುಗಿ ಎಂದು ಹೇಳುತ್ತಲೇ ಇದ್ದಳು. ‘ಪಾಪ, ಬೆಳಿಗ್ಗೆಯಿಂದ ಒಂದೇ ಸಮ ಮಾತಾಡ್ತಿದೆ ಹುಡುಗಿ, ಗುಟುಕು ನೀರಾದ್ರೂ ಕುಡಿದ್ಳೋ ಇಲ್ವೋ’ ಎಂದಳು ಅಜ್ಜಿ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಪ್ರಬಂಧದ ಮುಖ್ಯ ಭಾಗ ಈಗ ಬರುತ್ತದೆ. ನಮ್ಮ ಹಿರಿಯರು ದೂರವನ್ನು ಹರದಾರಿ, ಗಾವುದ ಎಂದು ಅಳೆದರು. ಆಮೇಲೆ ಮೈಲಿ, ಆಮೇಲೆ ಕಿಲೋಮೀಟರು. ಇವು ಯಾವುವೂ ವೃದ್ಧಯಾನಕ್ಕೆ ಒದಗುವುದಿಲ್ಲವಾದ್ದರಿಂದ ‘ಒಂದು’ ಎಂಬ ಹೊಸ ಮಾನವನ್ನು ಪ್ರಸ್ತಾಪಿಸುತ್ತಿದ್ದೇನೆ. ಒಂದಕ್ಕೆ ಹೋಗಿ ಬಂದ ತಾತನಿಗೆ ಮತ್ತೆ ಒಂದಕ್ಕೆ ಹೋಗಬೇಕೆನಿಸುವಷ್ಟರಲ್ಲಿ ಕಾರು ಕ್ರಮಿಸುವ ದೂರವೇ ಒಂದು ‘ಒಂದು’. ಬಿಪಿಗೆಂದು ಬೆಳಿಗ್ಗೆ ಅವರು ನುಂಗುವ ಮಾತ್ರೆ ಮೈಯ ನೀರಿಳಿಸುವಂಥದ್ದು, ಹಾಗಾಗಿ ಮೊದಲರ್ಧದ ‘ಒಂದು’ಗಳು ಗಿಡ್ಡ, ಊಟದ ನಂತರದವು ಉದ್ದ. ಬೆಂಗಳೂರಿನಿಂದ ಕುಕ್ಕೆ ಏಳು ಒಂದು. ಮಗ್ಗಿಯಲ್ಲೂ ಹಾಗೇ ಇದೆ, ಏಳೊಂದ್ಲೆ ಏಳು.

ಅಳತೆಯಾಯಿತು, ನಿಲ್ಲುವುದೆಲ್ಲಿ? ಇಲ್ಲದಿರುವಿಕೆಯೂ ಒಂದು ಪದಾರ್ಥ, ಅದಕ್ಕೆ ಅಭಾವ ಎಂದು ಹೆಸರು, ಅದು ನಾಲ್ಕು ಬಗೆ ಎಂದು ನ್ಯಾಯ–ವೈಶೇಷಿಕರು ಸಾಧಿಸಿದಾಗ ಜನ ನಕ್ಕಿರಬಹುದು. ಹೆದ್ದಾರಿಯಲ್ಲಿ ಶೌಚಾಲಯ ಹುಡುಕಿದವರು ನಗುವುದಿಲ್ಲ. ಮಡಕೆ ಹುಟ್ಟುವ ಮುಂಚೆ ಮಣ್ಣಿನಲ್ಲಿ ಮಡಕೆ ಇಲ್ಲದಿರುವುದು ಪ್ರಾಗಭಾವ. ಒಂದು ಪೆಟ್ರೋಲ್ ಬಂಕಿನ ಹಿಂದೆ ಇದನ್ನು ಕಣ್ಣಾರೆ ಕಂಡೆವು: ನಾಲ್ಕು ಸಿಮೆಂಟು ರಿಂಗು, ಒಂದು ರಾಶಿ ಮರಳು, ಗೋಡೆಯೇ ಇಲ್ಲದೆ ಗಿಡಕ್ಕೆ ಒರಗಿಸಿಟ್ಟ ‘ಪುರುಷರು’ ಎಂಬ ಬಾಗಿಲು. ಮಡಕೆ ಒಡೆದ ಮೇಲೆ ಇಲ್ಲವಾಗುವುದು ಪ್ರಧ್ವಂಸಾಭಾವ. ಅದು ಮುಂದಿನ ಬಂಕಿನಲ್ಲಿತ್ತು, ಒಳಗೆ ಖಾಲಿ ಆಯಿಲ್ ಡಬ್ಬ ಜೋಡಿಸಿದ್ದರು. ಗಾಳಿಯಲ್ಲಿ ಬಣ್ಣ ಎಂದೂ ಇರಲಿಲ್ಲ, ಇಲ್ಲ, ಇರುವುದೂ ಇಲ್ಲ. ಇದು ಅತ್ಯಂತಾಭಾವ, ಆಮೇಲಿನ ಒಂದು ಗಂಟೆ. ಕೊನೆಯದು ಅನ್ಯೋನ್ಯಾಭಾವ. ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ. ಚನ್ನರಾಯಪಟ್ಟಣ ದಾಟಿದ ಮೇಲೆ ಸಿಕ್ಕ ಹೋಟೆಲಿನಲ್ಲಿ ತೆರೆದಿದ್ದದ್ದು ಕಮೋಡ್ ಅಲ್ಲ, ಕಮೋಡ್ ಇದ್ದದ್ದು ತೆರೆದಿರಲಿಲ್ಲ. ಕೀ ಕ್ಯಾಶಿಯರ್ ಹತ್ತಿರ. ಕ್ಯಾಶಿಯರ್ ಊಟಕ್ಕೆ.

ತಾತನದು ಸುಲಭದ ಪ್ರಕರಣ. ಸಿಟ್ಟು ಬಂದರೆ ಮರವೊಂದು ಸಾಕು. ಆದರೆ ಮರಗಳೂ ಈಗ ಪ್ರಧ್ವಂಸಾಭಾವಕ್ಕೆ ಸೇರಿಬಿಟ್ಟಿವೆ. ರಸ್ತೆ ಅಗಲ ಮಾಡುವಾಗ ಕಡಿದರು ಎಂದು ಅವರೇ ದಾರಿಯುದ್ದಕ್ಕೂ ಇಲ್ಲದ ಸಾಲುಮರಗಳನ್ನು ಬೆರಳಿಟ್ಟು ತೋರಿಸುತ್ತಿದ್ದರು, ಇಲ್ಲಿ ಗೋಣಿ, ಅಲ್ಲಿ ಮಾವು ಎಂದು. ಕಠಿಣ ಪ್ರಕರಣ ಅಜ್ಜಿಯದು. ಏಳು ನಿಲುಗಡೆಯಲ್ಲಿ ಒಮ್ಮೆಯೂ ಇಳಿಯಲಿಲ್ಲ. ‘ನನಗೇನೂ ಬೇಡಪ್ಪ.’ ಇದರ ಕಾರಣ ಹೊಳೆಯಲು ನನಗೆ ಹಾಸನದವರೆಗೆ ಬೇಕಾಯಿತು. ಹಿಂದಿನ ರಾತ್ರಿ ತುಂಬಿಸಿಟ್ಟ ಸ್ಟೀಲ್ ಬಾಟಲಿ ಅವಳ ಕಾಲ ಬಳಿ ಹಾಗೇ ಇತ್ತು. ಕೇಳಿದರೆ, ‘ದೂರ ಹೋಗೋವಾಗ ಹೆಂಗಸರು ನೀರು ಕುಡೀಬಾರ್ದು.’ ಯಾವ ಶಾಸ್ತ್ರದಲ್ಲಿದೆ ಅಜ್ಜಿ? ‘ಬಸ್ಸಿನಲ್ಲಿ.’

ಊಟ ಹಾಸನದ ಬೈಪಾಸಿನಲ್ಲಿ, ಉಳಿದಿದ್ದ ಒಂದು ಹೊಂಗೆ ಮರದ ಕೆಳಗೆ. ಪುಳಿಯೋಗರೆ, ಮೊಸರನ್ನ. ಮೊಸರನ್ನಕ್ಕೆ ಮೊಸರು ಹಾಕುವವರು ಹೊಸಬರು. ಬಿಸಿ ಅನ್ನ ನುಣ್ಣಗೆ ಹಿಸುಕಿ, ಹಾಲು ಸುರಿದು, ಒಂದೇ ಚಮಚ ಮೊಸರು ಬೆರೆಸಿ ಡಬ್ಬಿ ಮುಚ್ಚಿದರೆ ಅದು ದಾರಿಯಲ್ಲೇ ಹೆಪ್ಪಾಗುತ್ತದೆ. ಹೊತ್ತಿಗೆ ಸರಿಯಾಗಿ ಮುಚ್ಚಳ ತೆಗೆಯಬೇಕು. ದಾಬಸ್‌ಪೇಟೆಗೆ ಹೋಗಿ ಬಂದದ್ದರಿಂದ ಅವತ್ತು ಎಳ್ಳಷ್ಟು ಹುಳಿ ಏರಿತ್ತು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು ತಾತನ ಕಡೆ ನೋಡಿದಳು. ಸ್ಮೃತಿಗೆ ಸಿಕ್ಕ ಶಿಕ್ಷೆ ಅಷ್ಟೆ.

ಕೊಬ್ಬರಿ ಮಿಠಾಯಿಯ ಡಬ್ಬಿ ತೆರೆದಾಗ ಮಾತ್ರ ಅರ್ಥಾಪತ್ತಿ ಪ್ರಮಾಣದ ಮೊರೆಹೋಗಬೇಕಾಯಿತು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಲೇಬೇಕು ಎಂಬುದು ಮೀಮಾಂಸಕರ ಹಳೆಯ ಉದಾಹರಣೆ. ಇಪ್ಪತ್ತನಾಲ್ಕು ಹಾಕಿದ್ದು, ಹದಿನೇಳು ಇದ್ದವು. ನಾನು ಓಡಿಸುತ್ತಿದ್ದೆ, ಅಜ್ಜಿ ಹಿಂದೆ ಇದ್ದಳು, ಡಬ್ಬಿ ಮುಂದೆ ಇತ್ತು, ತಾತನಿಗೆ ಸಕ್ಕರೆ ಕಾಯಿಲೆ. ದೇವದತ್ತ ಮಫ್ಲರು ಸರಿಮಾಡಿಕೊಳ್ಳುತ್ತ, ‘ರಸ್ತೆ ಕುಲುಕಿಗೆ ಪುಡಿಯಾಗಿರುತ್ತೆ’ ಎಂದರು.

ಸಕಲೇಶಪುರದಲ್ಲಿ ಹೇಮಾವತಿ ದಾಟಿದ ಮೇಲೆ ಘಾಟಿ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಮಂಜನ್ನು ಹೊಗೆಯೆಂದು ತಿಳಿಯುವುದು ಮೊದಲ ತಪ್ಪು. ಶಿರಾಡಿಯಲ್ಲಿ ಮಂಜೂ ಇತ್ತು, ಇಳಿಜಾರಿನಲ್ಲಿ ಲಾರಿಗಳ ಬ್ರೇಕಿನ ಹೊಗೆಯೂ ಇತ್ತು. ನಾನಿನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗ ಅಜ್ಜಿ ನಿಂಬೆಹಣ್ಣು ಮೂಸುವುದನ್ನು ನಿಲ್ಲಿಸಿ ಗಾಳಿ ಮೂಸಿ ಬೇರೆ ಮಾಡಿ ಹೇಳಿದಳು: ‘ಇದು ಲಾರಿ. ಅದು ಮಳೆ.’ ಮಳೆ ಬಂತು. ಕೊಡೆ ಎಲ್ಲಿ? ಪಕ್ಕದ ಮನೆಯಲ್ಲಿ, ಒಳ್ಳೆಯ ಗಳಿಗೆಯಲ್ಲಿ.

ದೋಣಿಗಲ್ ದಾಟಿ ಸ್ವಲ್ಪ ಮುಂದೆ ತಾತ ‘ನಿಲ್ಸು’ ಎಂದರು. ಎಂಟನೆಯದು. ಲೆಕ್ಕದ ಪ್ರಕಾರ ಇನ್ನೂ ಆಗಬಾರದಿತ್ತು. ತಲೆಯ ಮೇಲೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಇಳಿದವರು ಮರದ ಕಡೆ ಹೋಗಲಿಲ್ಲ. ರಸ್ತೆಯಂಚಿನ ಒಂದು ಹಳೆಯ ಮೋರಿಯ ಕಟ್ಟೆ ಹಿಡಿದು ಬಗ್ಗಿ, ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಒದ್ದೆಯಾಗಿ ಬಂದು ಕೂತು, ‘ನೀರು ಸಲೀಸಾಗಿ ಹೋಗ್ತಿದೆ’ ಎಂದರು. ಈ ವಾಕ್ಯವನ್ನು ನನ್ನ ಟಿಪ್ಪಣಿಯಲ್ಲಿ ಯಾವ ಕಲಮಿಗೆ ಹಾಕಬೇಕೆಂದು ತಿಳಿಯದೆ ಕನ್ನಡಿಯಲ್ಲಿ ಅಜ್ಜಿಯ ಮುಖ ನೋಡಿದೆ.

‘ಅದನ್ನ ಕಟ್ಟಿಸೋವಾಗ್ಲೇ ನಿಮ್ಮಪ್ಪ ಹುಟ್ಟಿದ್ದು. ಇವರು ಮಗೂನ ನೋಡಕ್ಕೆ ಬಂದಿದ್ದು ಮೂರನೇ ತಿಂಗಳಿಗೆ. ಮೋರಿಗೆ ದಿನಾ ನೀರು ಹೊಡೆಸ್ಬೇಕಿತ್ತಂತೆ.’

‘ಹೊಡೆಸದೆ ಇದ್ದಿದ್ರೆ ಇವತ್ತು ಇರ್ತಿತ್ತಾ?’ ಎಂದರು ತಾತ.

ಗುಂಡ್ಯದಲ್ಲಿ ಎಡಕ್ಕೆ ತಿರುಗಿ ಕುಕ್ಕೆ ತಲುಪಿದಾಗ ಕತ್ತಲಾಗಿತ್ತು. ರೂಮಿನ ಬೀಗ ತೆಗೆದದ್ದೇ ಅಜ್ಜಿ ಮಂಚ ನೋಡಲಿಲ್ಲ, ಕಿಟಕಿ ನೋಡಲಿಲ್ಲ, ನೇರ ಬಾತ್‌ರೂಮಿಗೆ ಹೋಗಿ ಲೈಟು ಹಾಕಿದಳು. ನಲ್ಲಿ ತಿರುಗಿಸಿದ ಸದ್ದು, ಫ್ಲಶ್ ಒತ್ತಿದ ಸದ್ದು, ಚಿಲಕ ಹಾಕಿ ತೆಗೆದ ಸದ್ದು. ಹೊರಗೆ ಬಂದು ಮಂಚದ ತುದಿಯಲ್ಲಿ ಕೂತು ಸೆರಗಿನಿಂದ ಕೈ ಒರೆಸಿಕೊಂಡಳು.

‘ಮಗು, ಆ ನೀರಿನ ಬಾಟ್ಲಿ ಕೊಡು.’

ಬೆಳಗಿನಿಂದ ಹಾಗೇ ಇದ್ದ ಬಾಟಲಿ. ಕತ್ತೆತ್ತಿ, ತುಟಿಗೆ ತಾಗಿಸದೆ, ಮುಕ್ಕಾಲು ಭಾಗ ಕುಡಿದಳು.