ಕಟ್ಟಿದವರೇ ಹಾಡಿದರೆ

ಕುಮುದ್ವತಿ ನದಿಗೆ ಕಟ್ಟಿದ ನಮ್ಮ ಅಂಜನಾಪುರದ ಜಲಾಶಯದಲ್ಲಿ ನೀರಿಗೆ ಬರ ಬಂದೀತು, ಪದ ಕಟ್ಟುವವರಿಗೆ ಈ ಸೀಮೆಯಲ್ಲಿ ಬರ ಬಂದದ್ದಿಲ್ಲ. ಶಿಕಾರಿಪುರ ತಾಲ್ಲೂಕಿನ ಮಣ್ಣೇ ಅಂಥದ್ದು. ಅಲ್ಲಮನ ಬಳ್ಳಿಗಾವಿ ಇಲ್ಲಿ, ಅಕ್ಕನ ಉಡುತಡಿ ಇಲ್ಲಿ, 1926ರಲ್ಲಿ ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪ ಹುಟ್ಟಿದ ಈಸೂರೂ ಇಲ್ಲೇ. ಇಂಥ ನೆರೆಹೊರೆ ಇರುವಾಗ ಗಣಪತಿ ಪೆಂಡಾಲಿನ ಚಂದಾ ಪುಸ್ತಕದ ಹಿಂಬದಿಯಲ್ಲಿ ಯಾರಾದರೂ ನಾಲ್ಕು ಸಾಲು ಗೀಚದೆ ಇರುತ್ತಾರೆಯೇ?

ಹಾಗೆ ಗೀಚಿದವರಲ್ಲಿ ನಮ್ಮ ದಾಯಾದಿ ಚಿಕ್ಕಪ್ಪನೂ ಒಬ್ಬ. ಕೆರೆ-ಕಟ್ಟೆ ತುಂಬಿ ಜಲಾಶಯ ಕೋಡಿ ಬಿದ್ದ ವರ್ಷ ಅವನೊಂದು ಪದ ಕಟ್ಟಿದ. ಆರ್ಕೆಸ್ಟ್ರಾದ ಹುಡುಗನೊಬ್ಬ ಅದಕ್ಕೆ ಕೀಬೋರ್ಡು, ಪ್ಯಾಡು ಸೇರಿಸಿ ಗಣಪತಿ ಬಿಡುವ ದಿನ ಹಾಡಿದ್ದೇ ತಡ, ಪದ ಟ್ರ್ಯಾಕ್ಟರ್ ಹತ್ತಿ ಊರೂರು ಸುತ್ತಿತು. ಮುಂದೆ ನಂಟರೊಬ್ಬರ ಗೃಹಪ್ರವೇಶದಲ್ಲಿ ಚಿಕ್ಕಪ್ಪನನ್ನೇ ಹಿಡಿದು ಹಾಡಿಸಿದರು. ಅವನು ಕಣ್ಣು ಮುಚ್ಚಿ, ಭಜನೆ ಪದದ ಹಾಗೆ ನಿಧಾನಕ್ಕೆ ಎತ್ತಿಕೊಂಡ. ಮೊದಲ ಚರಣ ಮುಗಿಯುವಷ್ಟರಲ್ಲಿ ಪಂಕ್ತಿಯಿಂದ ತೀರ್ಪು ಬಂತು: “ಒರಿಜಿನಲ್ ಹಿಂಗಿಲ್ಲ!” ಪಾಯಸದ ಬಕೆಟ್ ಹಿಡಿದಿದ್ದ ಅಡುಗೆಯವನು ಮರುಕಪಟ್ಟು, “ಅಣ್ಣಾ, ಆ ಹುಡುಗ ಹೆಂಗೆ ಹಾಡ್ತಾನೆ ಅಂತ ಒಂದ್ಸಲ ಕೇಳ್ಕಂಡು ಬಂದು ಹಾಡಿ” ಎಂದ. “ಅವನಿಗೆ ಬರೆದುಕೊಟ್ಟೋನೇ ನಾನು ಕಣಯ್ಯ” ಅಂದ ಚಿಕ್ಕಪ್ಪನ ಮಾತನ್ನು ಪಂಕ್ತಿಯಲ್ಲಿ ಯಾರೂ ನಂಬಲಿಲ್ಲ. ಕುಡಿಯದ ಮನುಷ್ಯ ಆದ್ದರಿಂದ ಅನುಮಾನಕ್ಕೆ ಬೇರೆ ಕಾರಣವೂ ಸಿಗಲಿಲ್ಲ.

ಅಡುಗೆಯವನ ಸಲಹೆಗೆ ನಗಬೇಡಿ, ಅದನ್ನು ಅಕ್ಷರಶಃ ಪಾಲಿಸಿದ ನೊಬೆಲ್ ಪುರಸ್ಕೃತರೇ ಇದ್ದಾರೆ. ಬಾಬ್ ಡಿಲನ್ 1967ರಲ್ಲಿ ಬರೆದು ಹಾಡಿದ ‘ಆಲ್ ಅಲಾಂಗ್ ದ ವಾಚ್‌ಟವರ್’ ಅನ್ನು ಮರುವರ್ಷ ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಕಟ್ಟಿ ಲೋಕಪ್ರಸಿದ್ಧ ಮಾಡಿದ. ಆಮೇಲೆ ಡಿಲನ್ ಸ್ವಂತ ಹಾಡನ್ನು ಹೆಂಡ್ರಿಕ್ಸ್ ಧಾಟಿಯಲ್ಲೇ ಹಾಡತೊಡಗಿದರು. ಕ್ಯಾರೊಲ್ ಕಿಂಗ್ ಮಾತ್ರ ಜಗ್ಗಲಿಲ್ಲ. ಗಂಡ ಜೆರಿ ಗಾಫಿನ್ ಜೊತೆ ಸೇರಿ ಆಕೆ ಕಟ್ಟಿದ ಹಾಡೊಂದನ್ನು 1960ರಲ್ಲಿ ಶಿರೆಲ್ಸ್ ಎಂಬ ಹುಡುಗಿಯರ ಮೇಳ ಕುಣಿಯುವಂತೆ ಹಾಡಿತ್ತು. 1971ರ ‘ಟ್ಯಾಪೆಸ್ಟ್ರಿ’ ಆಲ್ಬಮ್ಮಿನಲ್ಲಿ ಆಕೆ ಅದನ್ನೇ ಪಿಯಾನೊ ಮುಂದೆ ಕೂತು ನಿಧಾನಕ್ಕೆ ಹಾಡಿದಳು. ಪುಣ್ಯಕ್ಕೆ ಅಲ್ಲಿ ಪಂಕ್ತಿ ಭೋಜನ ಇರಲಿಲ್ಲ.

ನಮ್ಮಲ್ಲಿ ಈ ಕಷ್ಟ ಇನ್ನೂ ಗಟ್ಟಿ. ಭಾವಗೀತೆಯ ಮನೆಯಲ್ಲಿ ಮೊದಲಿಂದಲೂ ಪಾಲುಪಟ್ಟಿ ಆಗಿಹೋಗಿದೆ: ಬರೆಯುವುದು ಕವಿ, ರಾಗ ಹಾಕುವುದು ಮತ್ತೊಬ್ಬರು, ಚಪ್ಪಾಳೆ ಹಾಡಿದವರಿಗೆ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟಿನಿಂದ ನಿಸಾರ್ ಅಹಮದರು ಮನೆಮಾತಾದದ್ದು ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ. ನಮ್ಮ ಈಸೂರಿನ ಕವಿಯ ‘ಎದೆ ತುಂಬಿ ಹಾಡಿದೆನು’ ಎಷ್ಟು ಹಬ್ಬಿತೆಂದರೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ಟಿವಿ ಸ್ಪರ್ಧೆಗೂ ಅದರ ನೆರಳಿನಲ್ಲೇ ಹೆಸರು ಸಿಕ್ಕಿತು. ಆ ಸ್ಪರ್ಧೆಗೆ ಜಿ.ಎಸ್.ಎಸ್. ಅವರೇ ಮುಖ ಮರೆಸಿಕೊಂಡು ಹೋಗಿದ್ದರೆ ಮೊದಲ ಸುತ್ತು ದಾಟುತ್ತಿದ್ದರೇ ಎಂಬುದು ನನ್ನ ಬಹುಕಾಲದ ಕುತೂಹಲ.

ಈ ಪಾಲುಪಟ್ಟಿಗೆ ಸೊಪ್ಪು ಹಾಕದವರು ಚಂದ್ರಶೇಖರ ಕಂಬಾರರು. ‘ಕಾಡು ಕುದುರೆ’ಯ ಹಾಡು ಬರೆದವರು, ರಾಗ ಹಾಕಿದವರು, ಸಿನಿಮಾ ನಿರ್ದೇಶಿಸಿದವರು ಎಲ್ಲ ಅವರೇ. ಕಂಠ ಮಾತ್ರ ನಮ್ಮ ಜಿಲ್ಲೆಯದೇ ಹೊಸನಗರ ತಾಲ್ಲೂಕಿನ ನಗರದವರಾದ ಶಿವಮೊಗ್ಗ ಸುಬ್ಬಣ್ಣನವರದು. ವಕೀಲರಾಗಿದ್ದ ಸುಬ್ಬಣ್ಣ ಆ ಒಂದು ಹಾಡಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಗೆದ್ದರು. ಕುದುರೆ ಕಂಬಾರರದೇ, ನಾಡಿನ ಕಿವಿಯಲ್ಲಿ ಅದು ಓಡುವುದು ಸುಬ್ಬಣ್ಣನವರ ಏರುದನಿಯಲ್ಲಿ. ಹಾಗಂತ ಕಂಬಾರರು ಬಾಯಿ ಕಟ್ಟಿಕೊಂಡು ಕೂರಲಿಲ್ಲ. ವೇದಿಕೆ ಸಿಕ್ಕಲ್ಲಿ ತಮ್ಮ ಪದಗಳನ್ನು ಉತ್ತರ ಕರ್ನಾಟಕದ ಜವಾರಿ ದನಿಯಲ್ಲಿ ತಾವೇ ಹಾಡುತ್ತ ಬಂದವರು. ಪಕ್ಕವಾದ್ಯ ಇಲ್ಲದೆ ಹಾಡಿದಾಗಲೇ ಗೊತ್ತಾಗುವುದು, ಯಾವ ಮಾತಿನ ಮೇಲೆ ಒತ್ತು ಬೀಳಬೇಕಿತ್ತು, ಎಲ್ಲಿ ಉಸಿರು ನಿಲ್ಲಬೇಕಿತ್ತು ಎಂದು.

ಅಲ್ಲೇ ಇರುವುದು ಸ್ವಾರಸ್ಯ. ಗಾಯಕ ನಮಗೆ ಹಾಡನ್ನು ಕೇಳಿಸುತ್ತಾನೆ, ಕಟ್ಟಿದವನು ಅದು ಹುಟ್ಟಿದ ಗಳಿಗೆಯನ್ನು ಕೇಳಿಸುತ್ತಾನೆ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಬೇಡವಾಗುವುದಿಲ್ಲ. ನಮ್ಮ ಕಿವಿಯದ್ದು ಮಾತ್ರ ಮೊದಲು ಬಂದವರಿಗೇ ಪಟ್ಟ ಕಟ್ಟುವ ಸ್ವಭಾವ. ಹರಿಹರನ ರಗಳೆಯ ಪ್ರಕಾರ ಅಲ್ಲಮ ಮದ್ದಳೆ ಬಾರಿಸುವವನು. ಅವನೇ ಇಂದು ಬಳ್ಳಿಗಾವಿಯ ಕೇದಾರೇಶ್ವರನ ಎದುರು ಮದ್ದಳೆ ಹಿಡಿದು ತನ್ನ ವಚನ ಎತ್ತಿಕೊಂಡರೆ, ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ಕೇಳಿ ಬೆಳೆದ ನಾವು ಏನನ್ನುತ್ತೇವೆ? “ಸ್ವಾಮೀ, ಒರಿಜಿನಲ್ ಹಿಂಗಿಲ್ಲ!”

ಆದ್ದರಿಂದ ಒಂದು ಬಿನ್ನಹ. ನಿಮ್ಮೂರಿನ ಮದುವೆಯಲ್ಲೋ ಗಣಪತಿ ಪೆಂಡಾಲಿನಲ್ಲೋ ಪದ ಕಟ್ಟಿದವರೇ ಮೈಕ್ ಹಿಡಿದರೆ ದಯವಿಟ್ಟು ತಿದ್ದಲು ಹೋಗಬೇಡಿ. ಹಾಡುಗಾರ ತಪ್ಪಿದರೆ ಅದು ಅಪಸ್ವರ, ಕಟ್ಟಿದವರು ತಪ್ಪಿದರೆ ಅದು ಪಾಠಾಂತರ.