ಪ್ರಿಂಟರ್ ಸನ್ನಿಕರ್ಷ ವಿಚಾರ

ಮನೆಯ ಪ್ರಿಂಟರ್ ಇದೆಯೋ ಇಲ್ಲವೋ ಎಂಬುದು ಈ ಶಾಸ್ತ್ರದ ಮೂಲ ಪ್ರಶ್ನೆ. ಪಾಮರರು ಮೇಜಿನತ್ತ ಕೈ ತೋರಿಸಿ 'ಅಗೋ, ಅಲ್ಲೇ ಕೂತಿದೆಯಲ್ಲ' ಎನ್ನುತ್ತಾರೆ. ಇದು ಪ್ರತ್ಯಕ್ಷ ಪ್ರಮಾಣ, ಬಹಳ ದುರ್ಬಲ. ಲ್ಯಾಪ್‌ಟಾಪು 'ಆಫ್‌ಲೈನ್' ಎಂದು ತೋರಿಸಿದ ಕ್ಷಣ ಅನುಪಲಬ್ಧಿ ಪ್ರಮಾಣ ಎದ್ದು ನಿಲ್ಲುತ್ತದೆ, ಕಣ್ಣಿನ ಸಾಕ್ಷಿ ಬಿದ್ದುಹೋಗುತ್ತದೆ. ಮೀಮಾಂಸಕರಲ್ಲಿ ಭಾಟ್ಟರು ಅನುಪಲಬ್ಧಿಯನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪಿದರು, ಪ್ರಾಭಾಕರರು ಒಪ್ಪಲಿಲ್ಲ. ಲ್ಯಾಪ್‌ಟಾಪುಗಳೆಲ್ಲ ಭಾಟ್ಟ ಮತದವು ಎಂಬುದರಲ್ಲಿ ವಿದ್ವಾಂಸರಿಗೆ ಸಂಶಯವಿಲ್ಲ.

ಇನ್ನು ಅನುಮಾನ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ನೀಲಿ ದೀಪದಿಂದ ವೈಫೈಯನ್ನು ಊಹಿಸಬೇಕು. ಸಾಮಾನ್ಯವಾಗಿ ದೀಪ ಮಿನುಗುತ್ತಿದ್ದರೆ ಹುಡುಕಾಟ, ನಿಂತು ಉರಿದರೆ ಸಮಾಗಮ. ಆದರೆ ಇಲ್ಲೊಂದು ಹೇತ್ವಾಭಾಸವಿದೆ. ದೀಪ ಹೇಳುವುದು ಪ್ರಿಂಟರ್ ರೌಟರನ್ನು ಸೇರಿದೆ ಎಂದಷ್ಟೇ. ಲ್ಯಾಪ್‌ಟಾಪೂ ಅಲ್ಲೇ ಸೇರಿದೆ ಎಂದಲ್ಲ. ಅದು 'ಗೆಸ್ಟ್' ನೆಟ್‌ವರ್ಕಿನಲ್ಲಿದ್ದರೆ ಒಂದೇ ಕೋಣೆಯಲ್ಲಿದ್ದೂ ಇಬ್ಬರಿಗೂ ಮುಖಪರಿಚಯವಿರುವುದಿಲ್ಲ. ಮೇಲಾಗಿ ಎಷ್ಟೋ ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ, 5 ಗಿಗಾಹರ್ಟ್ಸ್ ವಿಷಯದಲ್ಲಿ ಅವು ಜನ್ಮತಃ ಕಿವುಡು. (ರೌಟರಿನ ಈ 5ಜಿಗೂ ಮೊಬೈಲ್ ಕಂಪನಿಯ 5ಜಿಗೂ ಇರುವುದು ಬಾದರಾಯಣ ಸಂಬಂಧ.)

ಗುಂಡಿ ಒತ್ತಿ ಸೇರಿಸುವ ಡಬ್ಲ್ಯುಪಿಎಸ್ ವಿಧಿಗೆ 2 ನಿಮಿಷದ ಮುಹೂರ್ತ. ರೌಟರು ಹಾಲಿನ ಸಜ್ಜೆಯ ಮೇಲೆ, ಪ್ರಿಂಟರು ಒಳಕೋಣೆಯಲ್ಲಿ. ಆದ್ದರಿಂದ ಇದು ದಂಪತಿಗಳು ಸೇರಿಯೇ ಮಾಡತಕ್ಕ ಕರ್ಮ. ಯಜಮಾನರು ಸ್ಟೂಲಿನ ಮೇಲೆ ನಿಂತು 'ಒತ್ತಿದೆ ಕಣೇ, ನೀನೂ ಒತ್ತು' ಎನ್ನಬೇಕು. ಒಳಗಿನಿಂದ 'ಯಾವುದ್ರೀ? ಇಲ್ಲಿ ಎರಡು ಗುಂಡಿ ಇದೆ' ಎಂಬ ಪೂರ್ವಪಕ್ಷ ಬರಬೇಕು. ಖಂಡನ ಮಂಡನ ಮುಗಿಯುವ ಹೊತ್ತಿಗೆ ಮುಹೂರ್ತ ಮೀರಿರುತ್ತದೆ.

ರೌಟರೆಂಬ ಮಧ್ಯಸ್ಥನೇ ಬೇಡವೆನ್ನುವವರದು ವೈಫೈ ಡೈರೆಕ್ಟ್ ಪಂಥ, 2010ರಿಂದ ಪ್ರಚಾರದಲ್ಲಿದೆ. ಇಲ್ಲಿ ಪ್ರಿಂಟರೇ ರೌಟರಿನ ವೇಷ ಧರಿಸಿ, 'ಡೈರೆಕ್ಟ್' ಎಂದು ಶುರುವಾಗುವ ಹೆಸರಿನಲ್ಲಿ ಫೋನಿಗೆ ದರ್ಶನ ಕೊಡುತ್ತದೆ. ಸೇರಿದಿರಿ, ಸರಿ. ಆದರೆ ಮನೆಯ ವೈಫೈ ಕೈಬಿಟ್ಟಿತು, ಪ್ರಿಂಟ್ ಆಗಬೇಕಿದ್ದ ಆಧಾರ್ ಪ್ರತಿಯೋ ಇನ್ನೂ ಮೇಲ್‌ನಲ್ಲೇ ಇದೆ. ಮೊದಲೇ ಡೌನ್‌ಲೋಡ್ ಮಾಡಿಕೊಂಡವನೇ ಈ ಪಂಥಕ್ಕೆ ಅಧಿಕಾರಿ.

ಬ್ಲೂಟೂತಿಗೆ 10ನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತನ ಹೆಸರು. ಇಷ್ಟು ರಾಜಮರ್ಯಾದೆ ಇದ್ದರೂ ಈಗಿನ ಬಹುಪಾಲು ಮನೆಯ ಪ್ರಿಂಟರುಗಳಲ್ಲಿ ಅದರ ಕೆಲಸ ಮದುವೆ ದಲ್ಲಾಳಿಯದು: ವೈಫೈ ಪಾಸ್‌ವರ್ಡನ್ನು ಪ್ರಿಂಟರಿನ ಕಿವಿಯಲ್ಲಿ ಹೇಳಿ ಪಕ್ಕಕ್ಕೆ ಸರಿಯುತ್ತದೆ. ಬ್ಲೂಟೂತ್ ಪಟ್ಟಿಯಲ್ಲಿ ಪ್ರಿಂಟರಿನ ಹೆಸರು ಕಂಡು ಹಿಗ್ಗಿ, ಅಲ್ಲೇ ಜೋಡಿಸಲು ಹೆಣಗುವವರು ದಲ್ಲಾಳಿಯನ್ನೇ ವರನೆಂದು ತಿಳಿದವರು. ಎನ್‌ಎಫ್‌ಸಿ ನಿಜವಾದ ಸನ್ನಿಕರ್ಷವಾದಿ. 4 ಸೆಂಟಿಮೀಟರಿನಾಚೆ ಅದಕ್ಕೆ ಜಗತ್ತಿಲ್ಲ. ಚಿಹ್ನೆ ಎಲ್ಲಿದೆಯೆಂದು ತಿಳಿಯದೆ ಭಕ್ತರು ಫೋನಿನಿಂದ ಪ್ರಿಂಟರಿನ ಮೈಯೆಲ್ಲ ಸವರುವುದನ್ನು ನೋಡಬಹುದು.

ಈಗ ಸಿದ್ಧಾಂತ. ನಿನ್ನೆ ಇದ್ದ ಪ್ರಿಂಟರ್ ಇಂದು ಇಲ್ಲವಾಗುವುದಕ್ಕೆ ಮಾಯೆ ಕಾರಣವಲ್ಲ. ಕರೆಂಟು ಹೋಗಿ ಬಂದಾಗ ರೌಟರು ಅದಕ್ಕೆ ಹೊಸ ಐಪಿ ವಿಳಾಸ ಕೊಟ್ಟಿರುತ್ತದೆ, ಲ್ಯಾಪ್‌ಟಾಪು ಹಳೆಯ ಬಾಗಿಲು ತಟ್ಟುತ್ತಿರುತ್ತದೆ. ಬೇರೇನನ್ನೂ ಮುದ್ರಿಸಲೊಪ್ಪದ ಪ್ರಿಂಟರ್ ತನ್ನ ನೆಟ್‌ವರ್ಕ್ ವರದಿಯನ್ನು ಮಾತ್ರ ತಕ್ಷಣ ಮುದ್ರಿಸಿಕೊಡುತ್ತದೆ. ಅದರಲ್ಲಿ ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರು ಅದಕ್ಕೆ ಏನನ್ನೂ ಕೊಟ್ಟಿಲ್ಲವೆಂದರ್ಥ. ಎರಡನ್ನೂ ಆರಿಸಿ, ಮೊದಲು ರೌಟರು, ಆಮೇಲೆ ಪ್ರಿಂಟರು ಹಚ್ಚಿ. ಸರಿಯಾದ ವಿಳಾಸ ಬಂದಿದ್ದರೆ ರೌಟರಿನ ಸೆಟ್ಟಿಂಗಿನಲ್ಲಿ ಅದನ್ನು ಪ್ರಿಂಟರಿಗೇ ಕಾಯ್ದಿರಿಸಿಬಿಡಿ. ಆಮೇಲೂ ಅದು ಹಳದಿ ಶಾಯಿ ಮುಗಿದಿದೆಯೆಂದು ಕಪ್ಪು ಅಕ್ಷರ ಮುದ್ರಿಸಲು ಒಪ್ಪದಿದ್ದರೆ ಓದುಗರು ಈ ಗ್ರಂಥಕಾರನನ್ನು ದೂರಬಾರದು. ಶಾಯಿಯದು ಬೇರೆ ಶಾಸ್ತ್ರ.