ಇಂಟರ್ನ್ ಮೀಮಾಂಸೆ (ಸಭಾಷ್ಯ)

ಮೊದಲ ಸೂತ್ರ: ಎಕ್ಸೆಲ್ಲಿನಲ್ಲಿ ಇರುವುದೇ ಇರುವುದು.

ಈ ಸೂತ್ರಕ್ಕೆ ಭಾಷ್ಯ ಬರೆಯಲು ಅಧಿಕಾರಿ ಯಾರೆಂದರೆ, ಬಿ.ಇ. ಆರನೇ ಸೆಮಿಸ್ಟರ್ ಮುಗಿಸಿ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಯಾವುದಾದರೂ ನೀತಿ ಸಂಶೋಧನಾ ಸಂಸ್ಥೆಯ ಎ.ಸಿ. ಕೆಳಗೆ ಎರಡು ತಿಂಗಳು ಕೂತ ವಿದ್ಯಾರ್ಥಿ. ಶಾಸ್ತ್ರದಲ್ಲಿ ಇವನನ್ನು ಇಂಟರ್ನ್ ಎನ್ನುತ್ತಾರೆ. ಇವನು ಪೈಥಾನ್ ಬಲ್ಲವನಾಗಿರಬೇಕು, ಪಂಚಾಯ್ತಿ ಕಟ್ಟೆ ಹತ್ತಿದವನಾಗಿರಬಾರದು. ಇವನಿಗೆ ವಹಿಸುವ ವಿಷಯವೂ ಹೆಚ್ಚುಕಡಿಮೆ ಒಂದೇ: ಕಲ್ಯಾಣ ಕರ್ನಾಟಕ ಯಾಕೆ ಹಿಂದುಳಿದಿದೆ?

ಪ್ರಮಾಣ ವಿಚಾರ. ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಹಿಂದಿನವರು ಹೇಳಿಕೊಂಡು ಬಂದ ಪ್ರಮಾಣಗಳಲ್ಲಿ ನಮ್ಮ ಶಾಸ್ತ್ರ ಅನುಮಾನವನ್ನಷ್ಟೇ ಇಟ್ಟುಕೊಂಡಿದೆ. ಪ್ರತ್ಯಕ್ಷಕ್ಕೆ, ಅಂದರೆ ಊರಿಗೆ ಹೋಗಿ ನೋಡಿ ಬರುವುದಕ್ಕೆ, ಟಿ.ಎ. ಮಂಜೂರಾಗಿಲ್ಲ. ಶಬ್ದಕ್ಕೆ, ಅಂದರೆ ಬಲ್ಲವರನ್ನು ಕೇಳುವುದಕ್ಕೆ, ಸ್ಯಾಂಪಲ್ ಸೈಜ್ ಸಾಲದು.

ಕಡತ ಶುದ್ಧಿ. ಕೈಗೆ ಬರುವ ಮೊದಲ ಕಡತ ನುಡಿಯಲ್ಲಿ ಟೈಪಾದದ್ದು. ಯೂನಿಕೋಡ್‌ಗಿಂತ ಹಿಂದಿನ ನುಡಿ ಫಾಂಟು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡವನ್ನು ಕೂರಿಸಿತ್ತು. ಆ ಫಾಂಟಿಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ 'ನ' ಇರಬೇಕಾದಲ್ಲೆಲ್ಲ ಬ್ರಿಟನ್ನಿನ ಪೌಂಡ್ ಚಿಹ್ನೆ. ನರೇಗಾ ಪೌಂಡಿನಿಂದಲೇ ಶುರು. ನಮ್ಮ ಕೂಲಿ ಯೋಜನೆಗೆ ಲಂಡನ್ನಿನಿಂದ ದುಡ್ಡು ಬರುತ್ತಿದೆಯೆಂದು ಇಂಟರ್ನ್ ಊಹಿಸಿದರೆ ಶಾಸ್ತ್ರ ಅವನನ್ನು ದೂಷಿಸುವುದಿಲ್ಲ. ಅನುಮಾನ ಪ್ರಮಾಣವೇ ತಾನೆ.

ಮುಂದಿನದು ಸಂಯೋಗ ಪ್ರಕರಣ, ಲೌಕಿಕರ ಮಾತಿನಲ್ಲಿ ಮರ್ಜ್. ಎರಡು ಕೋಷ್ಟಕಗಳನ್ನು ಜಿಲ್ಲೆಯ ಹೆಸರು ಹಿಡಿದು ಕೂಡಿಸುವುದು ಜಾತಕ ನೋಡಿ ಗಂಟು ಹಾಕಿದ ಹಾಗೆ. ಹೆಸರೇ ಹೊಂದದಿದ್ದರೆ ಸಂಬಂಧ ಮುರಿಯಿತು. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಹೆಸರು ಬದಲಾಗಿ, ಹಳೇ ಕಡತದ ಬಿಜಾಪುರ ಹೊಸ ಕಡತದಲ್ಲಿ ವಿಜಯಪುರವಾಯಿತು. ಪರಿಹಾರಕ್ಕೆ ಸೋವಿಯತ್ ಗಣಿತಜ್ಞ ಲೆವೆನ್‌ಶ್ಟೈನ್ ಇದ್ದಾರೆ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಕಳೆಯಬೇಕು, ಬದಲಿಸಬೇಕು ಎನ್ನುವುದೇ ಅವರು 1965ರಲ್ಲಿ ಕೊಟ್ಟ 'ದೂರ'. ಇಂಗ್ಲಿಷ್ ಕಾಗುಣಿತದಲ್ಲಿ ಎಣಿಸಿದರೆ ವಿಜಯಪುರದಿಂದ ಅದರದೇ ಹಳೇ ಹೆಸರು ಬಿಜಾಪುರಕ್ಕೆ ದೂರ 4. ವಿಜಯಪುರದಿಂದ ವಿಜಯನಗರಕ್ಕೂ 4! ಬಸ್ಸಿನಲ್ಲಿ ಹೋದರೆ ಕೃಷ್ಣೆ, ತುಂಗಭದ್ರೆ ಎರಡನ್ನೂ ದಾಟಬೇಕು, ಆದರೆ ಬಸ್ಸು ಪ್ರತ್ಯಕ್ಷಕ್ಕೆ ಸೇರಿದ್ದು. ಇನ್ನು ಬಿಜಾಪುರ ಹೆಸರಿನ ಜಿಲ್ಲೆ ಛತ್ತೀಸ್‌ಗಢದಲ್ಲೂ ಉಂಟು. ಹಳೇ ಕಡತದ ಬಿಜಾಪುರದಿಂದ ಅದಕ್ಕೆ ದೂರ ಸೊನ್ನೆ. ಹೀಗೆ ಗೋಳಗುಮ್ಮಟ ಒಂದು ಮಧ್ಯಾಹ್ನ ಬಸ್ತಾರದ ಕಾಡಿಗೆ ಹೋಗಿ ಕೂತರೂ ಯಾರಿಗೂ ಗೊತ್ತಾಗುವುದಿಲ್ಲ.

ವಯೋ ನಿರ್ಣಯ. ಸಮೀಕ್ಷೆಯವನು ಟ್ಯಾಬ್ ಹಿಡಿದು ಕಟ್ಟೆಯ ಮೇಲೆ ಕೂತ ಮುದುಕಿಯನ್ನು ಕೇಳುತ್ತಾನೆ:

"ವಯಸ್ಸೆಷ್ಟಬೇ?"

"ನಿನಗ ಹೆಂಗ ಕಾಣತದ ಹಂಗ ಬರಕೊ ಯಪ್ಪಾ."

"ಅರವತ್ತ ಬರೀಲಿ?"

"ಬರಿ. ಪಿಂಚಣಿ ಬರತದಲ್ಲ?"

ಈ ಕಾರಣದಿಂದ ನಮ್ಮ ಕೋಷ್ಟಕಗಳಲ್ಲಿ ಮೂವತ್ತು, ಮೂವತ್ತೈದು, ನಲವತ್ತರ ಮೇಲೆ ಜನರ ಗುಡ್ಡೆ. ಮೂವತ್ತೊಂದು, ನಲವತ್ತೊಂದರಲ್ಲಿ ಯಾರೂ ಹೆಚ್ಚು ದಿನ ನಿಲ್ಲುವುದಿಲ್ಲ. ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಎಂಬುದಿದೆ. 23ರಿಂದ 62ರವರೆಗಿನವರಲ್ಲಿ ಸೊನ್ನೆ, ಐದರಲ್ಲಿ ಕೊನೆಗೊಳ್ಳುವ ವಯಸ್ಸಿನವರು ಎಷ್ಟು ಹೆಚ್ಚು ಎಂದು ಅದು ಲೆಕ್ಕ ಹಾಕುತ್ತದೆ. 100 ಬಂದರೆ ಊರವರು ಹುಟ್ಟಿದ ವರ್ಷ ಬಲ್ಲವರು, 500 ಬಂದರೆ ಬರೆದುಕೊಂಡವನ ಕಣ್ಣಂದಾಜೇ ಎಲ್ಲ. ನನ್ನನ್ನು ಕೇಳಿದರೆ ಈ ಶಾಸ್ತ್ರದಲ್ಲಿ ನಿಜವಾಗಿ ಮನುಷ್ಯರ ಸುಳಿವು ಸಿಗುವ ಜಾಗ ಇದೊಂದೇ. ಇಂಟರ್ನ್ ಮಾತ್ರ ಇದನ್ನು 'ನಾಯ್ಸ್' ಎಂದು ಬಗೆದು ನುಣುಪು ಮಾಡುತ್ತಾನೆ.

ಈಗ ಲೋಪ ಪ್ರಕರಣ. 2001ರ ಜನಗಣತಿಯ ಕಾಲಕ್ಕೆ ಕರ್ನಾಟಕದಲ್ಲಿ 27 ಜಿಲ್ಲೆ, 2011ಕ್ಕೆ 30. ರಾಮನಗರ, ಚಿಕ್ಕಬಳ್ಳಾಪುರ, ಯಾದಗಿರಿ ಈ ನಡುವೆ ಹುಟ್ಟಿದವು. ಎರಡು ಗಣತಿಯ ಮೂಲ ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟರೆ ಈ ಮೂರರ ಮುಂದೆ ಖಾಲಿ ಮನೆ. ಖಾಲಿ ಇದ್ದ ಸಾಲನ್ನು ಅಳಿಸು ಎನ್ನುವ ಆಜ್ಞೆ ಪೈಥಾನಿನಲ್ಲಿ ಒಂದೇ ಪದ. ಇಂಟರ್ನ್ ಅದನ್ನು ಒತ್ತಿದೊಡನೆ 2011ರಲ್ಲಿ ಶೇ 51.83 ಸಾಕ್ಷರತೆಯಿಂದ ರಾಜ್ಯದಲ್ಲೇ ಕಟ್ಟಕಡೆಗಿದ್ದ ಯಾದಗಿರಿ ಮಾಯವಾಗುತ್ತದೆ. ಉಳಿದೆರಡೂ ರಾಜ್ಯದ ಸರಾಸರಿಗಿಂತ ಕೆಳಗಿದ್ದವೇ. ಜಿಲ್ಲೆಗಳ ಸರಾಸರಿ ಆ ಕ್ಷಣವೇ ಮೇಲೇರುತ್ತದೆ. ಒಂದು ಶಾಲೆ ತೆರೆಯದೆ, ಒಬ್ಬ ಮೇಷ್ಟ್ರನ್ನು ನೇಮಿಸದೆ ಸಾಕ್ಷರತೆ ಹೆಚ್ಚಿಸಿದ ಕೀರ್ತಿ ಇವನದು.

ಇಲ್ಲಿ ಪೂರ್ವಪಕ್ಷ: ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 35 ಸೂಚಕ ಹಿಡಿದು 175 ತಾಲ್ಲೂಕು ಅಳೆದು, 114 ಹಿಂದುಳಿದಿವೆ, ಅದರಲ್ಲೂ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಸಮೇತ ಬರೆದಿಟ್ಟಿತ್ತಲ್ಲ, ಮತ್ತೆ ಯಾಕೆ? ಸಿದ್ಧಾಂತ: ಆ ವರದಿಯಲ್ಲಿ ಮಷಿನ್ ಲರ್ನಿಂಗ್ ಇರಲಿಲ್ಲ.

ಫಲಶ್ರುತಿ. ಕೊನೆಯ ವಾರ ಇಲಾಖೆಯ ಸಭಾಂಗಣದಲ್ಲಿ ಪಿಪಿಟಿ. ಹಸಿರು, ಹಳದಿ, ಕೆಂಪು ಬಳಿದ ನಕ್ಷೆ ಪರದೆಯ ಮೇಲೆ ಬರುತ್ತದೆ, ಗೋಡಂಬಿ ತಟ್ಟೆ ಸುತ್ತುತ್ತದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಸರ್, ನಮ್ಮ ಯಾದಗಿರಿ ಯಾಕ ಬೂದಿ ಬಣ್ಣದಾಗ ಅದ?" ಎನ್ನುತ್ತಾರೆ.

"ಗುಡ್ ಕ್ವೆಶ್ಚನ್ ಸರ್," ಎನ್ನುತ್ತಾನೆ ಇಂಟರ್ನ್. "ಅದು ಫೇಸ್ ಟೂನಲ್ಲಿದೆ."